ಸನದಿನ ಬ್ಯಾಂಕುಗಳು ಕೂಡಿದ ಬಗೆ

ಜತ್ತ ಸೀಮೆಯ ಒಕ್ಕಲಿಗನೊಬ್ಬನು ಮೊನ್ನೆ ತನ್ನ ಸಾತಬಾರಾ ಉತಾರೆ ಹಿಡಿದುಕೊಂಡು ಬಂದಿದ್ದನು. ಸಾಲ ಮುಟ್ಟಿಸಿ ವರುಷಗಳಾಗಿವೆ. ಆದರೂ ‘ಇತರ ಹಕ್ಕು’ ಎಂಬಲ್ಲಿ ಬ್ಯಾಂಕಿನ ಬೋಜಾ ಹಾಗೆಯೇ ಕುಳಿತಿದೆ. ಆ ಹೆಸರಿನ ಬ್ಯಾಂಕು ಈಗಿಲ್ಲ, ಮತ್ತೊಂದರಲ್ಲಿ ಕೂಡಿಹೋಗಿದೆ. “ಯಾರ ಬಾಗಿಲಕ್ಕ ಹೋಗಲಿರಿ?” ಎಂದು ಕೇಳಿದನು. ಕೂಡಿಸಿಕೊಂಡ ಬ್ಯಾಂಕಿಗೇ ಹೋಗಬೇಕು. ಸಾಲವೂ ತಾರಣದ ಕಾಗದಗಳೂ ಅದರ ಪಾಲಿಗೇ ಬಂದಿರುತ್ತವೆ. ಅಲ್ಲಿಂದ ಬೇಬಾಕಿ ಪತ್ರ ಪಡೆದು ತಲಾಠಿಗೆ ಒಪ್ಪಿಸಬೇಕು.

ಬ್ಯಾಂಕುಗಳು ಹೀಗೆ ಕೂಡುವುದು ಹೊಸತಲ್ಲ. ಕಲಕತ್ತೆಯಲ್ಲಿ 1806ರಲ್ಲಿ ಹುಟ್ಟಿದ ಬ್ಯಾಂಕು 1809ರಲ್ಲಿ ಸನದು ಪಡೆದು ಬ್ಯಾಂಕ್ ಆಫ್ ಬೆಂಗಾಲ್ ಆಯಿತು. ಮುಂಬಯಿಗೆ 1840ರಲ್ಲಿ, ಮದರಾಸಿಗೆ 1843ರಲ್ಲಿ ಅಂಥವೇ ಬಂದವು. 1861ರ ಕಾಯದೆ ಬರುವ ತನಕ ನೋಟು ಹೊರಡಿಸುವ ಹಕ್ಕೂ ಇವಕ್ಕಿದ್ದಿತು.

ಮುಂಬಯಿ ಬ್ಯಾಂಕಿನ ಕತೆಯನ್ನು ಹತ್ತಿ ಬೆಳೆಯುವವರು ತಿಳಿದಿರಬೇಕು. ಅಮೇರಿಕೆಯಲ್ಲಿ 1861ರಿಂದ 1865ರ ವರೆಗೆ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾಯಿತು. ನಮ್ಮ ಅರಳೆಗೆ ಎಂದೂ ಕಾಣದ ಬೆಲೆ ಬಂದಿತು. ಆ ಹಣ ಮುಂಬಯಿಯಲ್ಲಿ ಸೇರಿ, ಸಮುದ್ರ ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯಂಥವುಗಳ ಶೇರುಗಳ ಮೇಲೆ ಸುರಿಯಿತು. ಬ್ಯಾಂಕು ಶೇರುಗಳನ್ನೇ ಒತ್ತೆ ಹಿಡಿದು ಸಾಲ ಕೊಟ್ಟಿತು. ಯುದ್ಧ ನಿಂತಿತು, ದರ ಕುಸಿಯಿತು. 1868ರಲ್ಲಿ ಆ ಬ್ಯಾಂಕು ಮುಚ್ಚಿ, ಅದೇ ಹೆಸರಿನ ಹೊಸದು ನಡೆಯತೊಡಗಿತು. ಮುಂದೆ 1876ರ ಕಾಯದೆಯಲ್ಲಿ ನೋಡಿದರೆ, ಹೊಲಮನೆಗಳ ಒತ್ತೆಯ ಮೇಲೆ ಇವು ಸಾಲ ಕೊಡಕೂಡದೆಂಬ ಕಟ್ಟು ಇದ್ದಿತು. ಶೇರಿನಾಟ ಆಡಿದವರು ಪೇಟೆಯವರು. ಬಾಗಿಲು ತೆರೆಯದೆ ಹೋದದ್ದು ಹೊಲದವನಿಗೆ!

ಮೂರೂ ಕೂಡಿ 1921ರಲ್ಲಿ ಇಂಪೀರಿಯಲ್ ಬ್ಯಾಂಕು ಆದಾಗ, ಐದು ವರುಷದಲ್ಲಿ 100 ಹೊಸ ಶಾಖೆ ತೆರೆಯಬೇಕೆಂಬ ಕರಾರಾಯಿತು. ಆದರೂ ಗೋರವಾಲಾ ಸಮಿತಿಯು 1951-52ರ ಲೆಕ್ಕ ತೆಗೆದಾಗ, ರೈತನು ತಂದ ನೂರು ರೂಪಾಯಿ ಸಾಲದಲ್ಲಿ ಬ್ಯಾಂಕುಗಳದು ಒಂದು ರೂಪಾಯಿಯೂ ಇರಲಿಲ್ಲ. ಆ ಸಮಿತಿಯ ಮಾತಿನಂತೆಯೇ 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕಾಯಿತು. ಐದು ವರುಷದಲ್ಲಿ 400 ಶಾಖೆಗಳ ಹೊಣೆಯನ್ನು ಅದರ ಕೊರಳಿಗೆ ಕಟ್ಟಿದರು. ಈ ಇಡೀ ಕತೆಯಲ್ಲಿ ನಮ್ಮನ್ನು ನೆನೆದು ಮಾಡಿದ ಬದಲಾವಣೆ ನನ್ನ ಮಟ್ಟಿಗೆ ಇದೊಂದೇ.

ಮೈಸೂರು, ಹೈದರಾಬಾದ ಮೊದಲಾದ ಸ್ಟೇಟ್ ಬ್ಯಾಂಕುಗಳು 2017ರ ಏಪ್ರಿಲ್ 1ರಂದು ಅದರಲ್ಲಿ ಕೂಡಿದವು. ದೊಡ್ಡ ಬ್ಯಾಂಕಿಗೆ ಬಲ ಹೆಚ್ಚೆಂಬುದನ್ನು ಅಲ್ಲಗಳೆಯಲಾರೆ. ಆದರೆ ಹಳೆಯ ಕೂಡಿಕೆಗಳಲ್ಲಿ ಶಾಖೆಗಳ ಅಂಕಿ ಬರೆದಂತೆ, ಮುಂದಿನವುಗಳಲ್ಲಿ ಒಂದು ಕಲಮನ್ನು ಬರೆಯಬೇಕು: ತೀರಿದ ಸಾಲಗಳ ಯಾದಿಯನ್ನು ಬ್ಯಾಂಕೇ ಊರೂರಿನ ತಲಾಠಿಗೆ ಕಳಿಸಿ, ಆರು ತಿಂಗಳೊಳಗೆ ಬೋಜಾ ತೆಗೆಸಬೇಕು. ಹೆಸರು ಬದಲಿಸಿದವರು ಅವರು. ಬಸ್ಸಿನ ಖರ್ಚು ಒಕ್ಕಲಿಗನದೇಕೆ?