ಹಂಚಿನ ಮಾಡು ಇಳಿಯುವಾಗ

1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನದೀತೀರದ ಆವೆಮಣ್ಣೇ ಮಂಗಳೂರಿನ ಬಣ್ಣವಾಯಿತು. ಬಂಗಲೆಗೂ ಅಂಗಡಿಗೂ ಇಗರ್ಜಿಗೂ ಒಂದೇ ಕೆಂಪು ಮಾಡು. ಇಂದು ಅಲ್ಲಿ ಬಹುಮಹಡಿಗಳು ಎದ್ದಿವೆ. ಜನರ ಅಭಿರುಚಿ ಕೆಟ್ಟಿತೆಂದು ಹಳಿಯುವುದು ಸುಲಭ. ಆದರೆ ಪಾಲಾದ ಹಿತ್ತಿಲು, ಪರದೇಶದಲ್ಲಿರುವ ಮಕ್ಕಳು, ಮಳೆಗಾಲಕ್ಕೆ ಮುನ್ನ ಹಂಚು ಕೈಯಾಡಿಸಲು ಸಿಗದ ಆಳು, ಇವೂ ಕಾರಣಗಳೇ. ಹಳೆಯ ಮನೆಯನ್ನು ಉಳಿಸಿಕೊಳ್ಳಿರೆಂದು ವೃದ್ಧ ದಂಪತಿಗೆ ಉಪದೇಶಿಸುವ ಧೈರ್ಯ ನನಗಿಲ್ಲ. ಸೋರುವ ಮಾಡನ್ನು ಉಪದೇಶ ನಿಲ್ಲಿಸದು.

ಇಗರ್ಜಿಗಳ ಮಾತು ಬೇರೆ. ಅವಕ್ಕೆ ಪಾಲುದಾರರಿಲ್ಲ, ವಂತಿಗೆ ನೀಡುವವರಿದ್ದಾರೆ. ಆಂತೋನಿಯೊ ಮೊಸ್ಕೆನಿ 1900ರ ಸುಮಾರಿಗೆ ಚಿತ್ರಿಸಿದ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ಅತಿಥಿಗಳಿಗೆ ಹೆಮ್ಮೆಯಿಂದ ತೋರಿಸುವ ನಾವೇ, ನಮ್ಮ ಊರಿನ ಹಂಚಿನ ಇಗರ್ಜಿಯನ್ನು ಶತಮಾನೋತ್ಸವದ ಹೆಸರಿನಲ್ಲಿ ಕೆಡಹುತ್ತೇವೆ. ಧರ್ಮಕೇಂದ್ರದ ಸಭೆಯಲ್ಲಿ ಹೊಸ ನಕ್ಷೆಗೆ ಕೈಯೆತ್ತುವ ಮೊದಲು, ಹಳೆಯ ಗೋಡೆ ಇನ್ನೆಷ್ಟು ವರ್ಷ ನಿಲ್ಲಬಲ್ಲುದೆಂದು ಬಲ್ಲ ಎಂಜಿನಿಯರರೊಬ್ಬರನ್ನು ಕೇಳೋಣ.