ಗರ್ಭಿಣಿಗೆ ಹಿತವಾದ ಯೋಗ

ಸೊಸೆಯು ಗರ್ಭಿಣಿಯೆಂದು ತಿಳಿದ ಕೂಡಲೆ ಬಸವಕಲ್ಯಾಣ, ಹುಮನಾಬಾದುಗಳ ಕಡೆಯ ಮನೆಗಳಲ್ಲಿ ಈಚೆಗೆ ಎರಡು ಮತಗಳು ಹುಟ್ಟುವುದುಂಟು. ಮೈಯನ್ನು ಅಲುಗಿಸಲೇ ಕೂಡದೆಂಬುದು ಹಿರಿಯರ ಮತವು. ಮೊಬೈಲಿನಲ್ಲಿ ಕಂಡ ಆಸನಗಳನ್ನೆಲ್ಲ ಮಾಡಿದರೆ ಹೆರಿಗೆಯು ಸುಗಮವಾಗುವುದೆಂಬುದು ಕಿರಿಯರ ಮತವು. ಇವೆರಡರ ನಡುವೆ ವಿವೇಕದ ದಾರಿಯೊಂದುಂಟು. ಅದನ್ನು ಈ ಸಲ ವಿಚಾರಿಸೋಣ.

ಹಿರಿಯರ ಮಾತಿಗೆ ಶಾಸ್ತ್ರಾಧಾರವು ಇಲ್ಲದಿಲ್ಲ. ಗರ್ಭಿಣಿಯು ವರ್ಜಿಸತಕ್ಕವುಗಳಲ್ಲಿ ಸುಶ್ರುತಸಂಹಿತೆಯು ವ್ಯಾಯಾಮವನ್ನೂ ಎಣಿಸಿರುವುದು. ಚರಕಸಂಹಿತೆಯು ಆಕೆಯನ್ನು ಎಣ್ಣೆ ತುಂಬಿದ ಪಾತ್ರೆಗೆ ಹೋಲಿಸಿ, ಕದಲಿಸದೆ ಉಪಚರಿಸಬೇಕೆನ್ನುವುದು. ಆದರೆ ದೇಹಕ್ಕೆ ಆಯಾಸವನ್ನುಂಟುಮಾಡುವ ಕರ್ಮವೇ ವ್ಯಾಯಾಮವೆಂದು ಸುಶ್ರುತರೇ ಲಕ್ಷಣ ಹೇಳಿರುವರಷ್ಟೆ. ಆದುದರಿಂದ ಆಯಾಸವಾಗದ ಚಲನೆಗೆ ಈ ನಿಷೇಧವು ತಗಲದೆಂದು ನಾವು ತಿಳಿಯುತ್ತೇವೆ. ಇಂದಿನ ವೈದ್ಯಶಾಸ್ತ್ರವೂ ಇದಕ್ಕೆ ವಿರುದ್ಧವಾಗಿಲ್ಲ. ತೊಡಕಿಲ್ಲದ ಗರ್ಭಿಣಿಯರು ವಾರಕ್ಕೆ 150 ನಿಮಿಷಗಳಷ್ಟು ಮಿತವಾದ ದೇಹಚಟುವಟಿಕೆಯನ್ನು ಮಾಡುವುದು ಹಿತವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿರುವುದು.

ನಮ್ಮ ನಾಡಿನಲ್ಲಿಯೇ ಇದರ ಪರೀಕ್ಷೆಯೂ ನಡೆದಿದೆ. ಬೆಂಗಳೂರಿನಲ್ಲಿ 335 ಮಂದಿ ಗರ್ಭಿಣಿಯರ ವಿಷಯವಾಗಿ ನಡೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ದಿನಕ್ಕೆ ಒಂದು ಗಂಟೆ ಸರಳಾಸನ, ಪ್ರಾಣಾಯಾಮ, ಧ್ಯಾನಗಳನ್ನು ಮಾಡಿದರು. ಇನ್ನೊಂದು ಗುಂಪಿನವರು ದಿನಕ್ಕೆರಡು ಸಲ ಅರ್ಧರ್ಧ ಗಂಟೆ ನಡೆದಾಡಿದರು. ಎರಡೂವರೆ ಕಿಲೋ ಅಥವಾ ಅದಕ್ಕೂ ಹೆಚ್ಚು ತೂಕದ ಶಿಶುಗಳು ಯೋಗದ ಗುಂಪಿನಲ್ಲಿ ಹೆಚ್ಚಾಗಿ ಹುಟ್ಟಿದುವು. ಅಕಾಲದ ಹೆರಿಗೆಗಳು ಕಡಮೆಯಾದುವು. ಗುಂಪುಗಳನ್ನು ಚೀಟಿಯೆತ್ತಿ ವಿಭಾಗಿಸಿರಲಿಲ್ಲವಾದುದರಿಂದ ಇದನ್ನೇ ಅಂತಿಮಪ್ರಮಾಣವೆನ್ನಲಾಗದು. ಆದರೂ ಸೌಮ್ಯವಾದ ಯೋಗಕ್ಕೆ ಹೆದರಬೇಕಾಗಿಲ್ಲವೆಂಬ ಧೈರ್ಯವು ಇದರಿಂದ ಬರುವುದು.

ಹಾಗಾದರೆ ಯಾವ ಪದ್ಧತಿಯನ್ನು ಆರಿಸಬೇಕು? ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಯೋಗಶಾಲೆಯನ್ನು ತೆರೆದ ತಿರುಮಲೆ ಕೃಷ್ಣಮಾಚಾರ್ಯರು ಅಲ್ಲಿ ಮುಖ್ಯವಾಗಿ ಎಳೆಯ ಹುಡುಗರಿಗೆ ಪಾಠ ಹೇಳಿದರು. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರಿಂದ ಲೋಕಪ್ರಸಿದ್ಧವಾದ ಅಷ್ಟಾಂಗವಿನ್ಯಾಸವು ನೆಗೆತ, ತಿರುಚುಗಳಿಂದ ಕೂಡಿದ ವೇಗದ ಕ್ರಮವು. ಗರ್ಭಿಣಿಯಾದ ಮೇಲೆ ಅದನ್ನು ಹೊಸದಾಗಿ ಕಲಿಯತೊಡಗುವುದು ತರವಲ್ಲ. ಇನ್ನೊಬ್ಬ ಶಿಷ್ಯರಾದ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರ ಪದ್ಧತಿಯಲ್ಲಿ ಕುರ್ಚಿ, ಗೋಡೆ, ದಿಂಬುಗಳ ಆಸರೆಯಿರುವುದರಿಂದ ಅದನ್ನು ಗರ್ಭಿಣಿಗೆ ಹೊಂದಿಸಿಕೊಳ್ಳುವುದು ಸುಲಭ. ಕಾಯಿಸಿದ ಕೋಣೆಯಲ್ಲಿ ಮಾಡಿಸುವ ಯೋಗವು ಸರ್ವಥಾ ವರ್ಜ್ಯವು. ನಮ್ಮ ಸೀಮೆಯ ಬೇಸಗೆಯ ಮಧ್ಯಾಹ್ನವು ಕೋಣೆಯನ್ನು ತಾನಾಗಿಯೇ ಕಾಯಿಸುವುದು. ಆದುದರಿಂದ ಅಭ್ಯಾಸವು ಬೆಳಗಿನ ತಂಪಿನಲ್ಲಿಯೇ ಆಗಲಿ.

ಹೆಸರಿಗಿಂತಲೂ ಅಭ್ಯಾಸದ ಬಗೆಯನ್ನು ನೋಡುವುದು ಮೇಲು. ಮಾಡುತ್ತಿರುವಾಗ ಸರಾಗವಾಗಿ ಮಾತನಾಡಲು ಬರಬೇಕು. ಉಸಿರು ಕಟ್ಟಿದರೆ ಅದು ಹೆಚ್ಚಾಯಿತೆಂದೇ ಅರ್ಥ. ಹೊಟ್ಟೆಯ ಮೇಲೆ ಒತ್ತಡ ಬೀಳುವ, ನಡುವನ್ನು ಬಲವಾಗಿ ತಿರುಚುವ, ತಲೆಕೆಳಗಾಗುವ ಆಸನಗಳು ಬೇಡ. ಕಪಾಲಭಾತಿ, ಭಸ್ತ್ರಿಕಾ, ಉಡ್ಡಿಯಾನಬಂಧ, ಕುಂಭಕಗಳೂ ಬೇಡ. ಗರ್ಭಕಾಲದಲ್ಲಿ ಸಂಧಿಬಂಧಗಳು ಸಡಿಲವಾಗುವುದರಿಂದ ಹಿಂದಿನಷ್ಟು ಬಾಗಿ ನೋಡುವ ಹಟವು ಸಲ್ಲದು. ಐದು ತಿಂಗಳು ತುಂಬಿದ ಮೇಲೆ ಅಂಗಾತ ಬಹಳ ಹೊತ್ತು ಮಲಗಿದರೆ ಗರ್ಭದ ಭಾರವು ದೊಡ್ಡ ರಕ್ತನಾಳವನ್ನು ಅದುಮುವುದು. ಆಗ ಶವಾಸನಕ್ಕೆ ಬದಲಾಗಿ ಎಡಮಗ್ಗುಲಾಗಿ ವಿಶ್ರಮಿಸತಕ್ಕದ್ದು.

ಪ್ರಾರಂಭಕ್ಕೆ ಮುಂಚೆ ವೈದ್ಯರ ಅಪ್ಪಣೆಯು ಅವಶ್ಯಕ. ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುವುದು. ತಾಯಿ ಕಾರ್ಡನ್ನು ತೋರಿಸಿ ಅಲ್ಲಿಯೇ ಕೇಳಬಹುದು. ರಕ್ತದೊತ್ತಡವು ಏರಿದ್ದರೆ, ತೀವ್ರವಾದ ರಕ್ತಹೀನತೆಯಿದ್ದರೆ, ಮಾಸು ಕೆಳಗಿದ್ದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರೆ ಅಪ್ಪಣೆಯಿಲ್ಲದೆ ಏನನ್ನೂ ಮಾಡಕೂಡದು. ಅಭ್ಯಾಸದ ನಡುವೆ ರಕ್ತಸ್ರಾವ, ನೀರು ಸೋರುವುದು, ತಲೆಸುತ್ತು, ಎದೆನೋವು, ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗತಕ್ಕದ್ದು. ಶಿಶುವಿನ ಚಲನೆಯು ಕಡಮೆಯಾದಂತೆ ತೋರಿದಾಗಲೂ ತಡಮಾಡಲಾಗದು.

ಮನೆಯವರಿಗೂ ಒಂದು ಮಾತು. ದಿನವೆಲ್ಲ ತೊಗರಿಯ ಹೊಲದಲ್ಲಿ ಬಗ್ಗಿ ಕಳೆ ತೆಗೆದು, ಕೊಡ ಹೊತ್ತು ಬಂದ ಹೆಣ್ಣುಮಗಳಿಗೆ ಇನ್ನಷ್ಟು ಆಸನಗಳನ್ನು ವಿಧಿಸುವುದು ಯೋಗವಾಗದು. ಆಕೆಗೆ ಬೇಕಾದುದು ಬೆನ್ನಿಗೆ ದಿಂಬು, ನಿಧಾನವಾದ ಉಸಿರು, ಅರ್ಧ ಗಂಟೆಯ ಬಿಡುವು. ಕುಳಿತೇ ಕೆಲಸ ಮಾಡುವವಳಿಗೆ ಬೇಕಾದುದು ನಡಿಗೆ ಮತ್ತು ಕೈಕಾಲುಗಳ ಚಲನೆ. ಕುಬಸದ ದಿನ ಸೀರೆಯುಡಿಸಿ ಸಂಭ್ರಮಿಸುವ ಮನೆಯು, ಉಳಿದ ದಿನಗಳಲ್ಲಿ ಆ ಅರ್ಧ ಗಂಟೆಯನ್ನು ಕೊಡಲಾರದೆ?

ವಿಜ್ಞಾನೇಶ್ವರರು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದುದು ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಕಲ್ಯಾಣದಲ್ಲಿ. ಅವರು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯು ಗರ್ಭಿಣಿಗೆ ಪ್ರಿಯವಾದುದನ್ನು ನಡೆಸಿಕೊಡುವುದು ಕರ್ತವ್ಯವೆಂದು ವಿಧಿಸುವುದು. ಬಯಕೆಯ ತಿಂಡಿಗಷ್ಟೇ ಈ ಮಾತನ್ನು ಸೀಮಿತಗೊಳಿಸದೆ ಅಭ್ಯಾಸಕ್ಕೂ ಅನ್ವಯಿಸಬಹುದು. ಸಾಕೆಂದು ಆಕೆ ಹೇಳಿದ ಕ್ಷಣದಲ್ಲಿ, ಗುರುವಾಗಲಿ ಅತ್ತೆಯಾಗಲಿ ಗಂಡನಾಗಲಿ, ಇನ್ನೊಂದು ಸಲ ಮಾಡೆಂದು ಒತ್ತಾಯಿಸದಿರಲಿ.