ಗಡುವು ನಮಗೆ ಮಾತ್ರಾನಾ?

ನಿಮ್ಮ ಲ್ಯಾಬ್ ರೆಕಾರ್ಡಿಗೆ ಸಹಿ ಹಾಕುವವರು, ಆಸಿಲೋಸ್ಕೋಪ್ ಕೈಕೊಟ್ಟಾಗ ಓಡಿಬರುವವರು, ಇಂಟರ್ನಲ್ಸ್‌ನಲ್ಲಿ ಅರ್ಧ ಮಾರ್ಕ್ಸಿಗೆ ನೀವು ಚೌಕಾಸಿ ಮಾಡುವ ಜನ, ಅವರೇ ನಾವು. ಎಂ.ಟೆಕ್ ಎರಡನೇ ವರ್ಷದವರು ಮತ್ತು ಪಿಎಚ್.ಡಿ. ಮಾಡುತ್ತಿರುವ ಕೆಲವರು ಸೇರಿ ಇದನ್ನು ಬರೀತಿದ್ದೇವೆ. ಕನ್ನಡ ಸಂಘದ ಪತ್ರಿಕೆಗೆ ನಾವು ಸಾಮಾನ್ಯವಾಗಿ ಕೊಡೋದು ರಾಜ್ಯೋತ್ಸವದ ಫೋಟೋ ಮಾತ್ರ. ಈ ಸಲ ಸ್ವಲ್ಪ ದೂರು ಹೇಳ್ತೇವೆ, ಕೇಳಿಸಿಕೊಳ್ಳಿ. ನಿಮ್ಮಲ್ಲಿ ಎಷ್ಟೋ ಜನ ಎರಡು ವರ್ಷದ ಮೇಲೆ ನಾವಿರೋ ಜಾಗಕ್ಕೇ ಬರೋರು.

"ಗೇಟ್ ಬರೆದು ಎಂ.ಟೆಕ್ ಸೇರಿದ್ರೆ ತಿಂಗಳು ತಿಂಗಳು ದುಡ್ಡು ಬರುತ್ತಲ್ವಾ?" ಅಂತ ಆರನೇ ಸೆಮ್‌ನ ಹುಡುಗರು ಕೇಳ್ತಾರೆ. ಬರುತ್ತೆ. ತಿಂಗಳಿಗೆ 12,400 ರೂಪಾಯಿ, ಎಐಸಿಟಿಇ ಕೊಡೋದು. ಸುಮಾರು ಹತ್ತು ವರ್ಷದಿಂದ ಅಷ್ಟೇ ಇದೆ, ಮೆಸ್ ಬಿಲ್ ಮಾತ್ರ ಅಷ್ಟೇ ಇಲ್ಲ. ಅದಕ್ಕೆ ಪ್ರತಿಯಾಗಿ ವಾರಕ್ಕೆ 8ರಿಂದ 10 ಗಂಟೆ ಲ್ಯಾಬು, ಟ್ಯುಟೋರಿಯಲ್ಲು ಅಂತ ಕೆಲಸ ಮಾಡ್ತೇವೆ. ಇದರ ಬಗ್ಗೆ ನಮ್ಮ ತಕರಾರಿಲ್ಲ. ಪಾಠ ಹೇಳಿಕೊಡೋದರಲ್ಲಿ ನಾವು ಕಲಿತದ್ದೂ ಬಹಳ ಇದೆ.

ತಕರಾರು ಇರೋದು ಆ ದುಡ್ಡು ನಮ್ಮ ಖಾತೆಗೆ ಬರುವ ದಾರಿಯ ಬಗ್ಗೆ. ಪ್ರತಿ ತಿಂಗಳೂ ನಮ್ಮ ಹಾಜರಾತಿ ವಿಭಾಗದಿಂದ ಕಚೇರಿಗೆ ಹೋಗಬೇಕು, ಕಚೇರಿಯವರು ಪೋರ್ಟಲ್ಲಿನಲ್ಲಿ ಲಾಗಿನ್ ಆಗಿ "ಈ ವಿದ್ಯಾರ್ಥಿ ಇದ್ದಾನೆ, ಬಂದಿದ್ದಾನೆ" ಅಂತ ದೃಢೀಕರಿಸಬೇಕು. ಆಮೇಲೆ ದುಡ್ಡು ನೇರ ಖಾತೆಗೆ. ಯುಜಿಸಿ ಫೆಲೋಶಿಪ್ ಇರುವ ಪಿಎಚ್.ಡಿ. ಗೆಳೆಯರಿಗೆ ಇದೇ ಕಥೆ, ಪೋರ್ಟಲ್ ಮಾತ್ರ ಕೆನರಾ ಬ್ಯಾಂಕಿನದು. ಅಲ್ಲಿ ವಿಶ್ವವಿದ್ಯಾಲಯದ ಕಡೆಯಿಂದ ಒಬ್ಬರು 'ಮೇಕರ್', ಇನ್ನೊಬ್ಬರು 'ಚೆಕರ್'. ಇಬ್ಬರೂ ಕ್ಲಿಕ್ ಮಾಡಿದರೆ ಆ ತಿಂಗಳು ನಾವು ಬದುಕಿದ್ದೆವು ಅಂತ ಲೆಕ್ಕ. ಮೇಕರ್ ರಜೆಗೆ ಹೋದರೆ, ಚೆಕರ್‌ಗೆ ವರ್ಗವಾದರೆ, ದೆಹಲಿಯಲ್ಲಿ ಎಷ್ಟು ದುಡ್ಡಿದ್ದರೂ ಅದು ದೆಹಲಿಯಲ್ಲೇ.

ಹೋದ ವರ್ಷ ನಮ್ಮ ಬ್ಯಾಚಿಗೆ ಹಾಗೇ ಆಯ್ತು. ಐದು ತಿಂಗಳು ಯಾರಿಗೂ ಒಂದು ಪೈಸೆ ಬರಲಿಲ್ಲ. ಅಷ್ಟರಲ್ಲಿ ಮುಂದಿನ ಸೆಮಿಸ್ಟರ್ ಫೀಸಿನ ಕೊನೆಯ ದಿನ ಬಂತು. ಕಟ್ಟದೆ ಇದ್ದರೆ ದಿನಕ್ಕಿಷ್ಟು ದಂಡ ಅಂತ ನೋಟಿಸ್ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು. ರಾಯಚೂರು ಕಡೆಯ ಗೆಳೆಯನೊಬ್ಬ ಕಚೇರಿಗೆ ಹೋಗಿ, "ಸಾರ್, ನನಗೆ 62,000 ಬರೋದಿದೆ, ಅದು ನಿಮ್ಮ ಟೇಬಲ್ ಮೇಲೇ ನಿಂತಿದೆ, ಅದು ಬಂದ ದಿನವೇ ಫೀಸ್ ಕಟ್ತೀನಿ" ಅಂದ. "ಅದು ಬೇರೆ ಸೆಕ್ಷನ್ ಕಣಪ್ಪ, ಇದು ಬೇರೆ ಸೆಕ್ಷನ್" ಅಂತ ಉತ್ತರ ಸಿಕ್ಕಿತು. ಅವನ ಅಪ್ಪ ಭತ್ತ ಮಾರೋಕೆ ಮುಂಚೆಯೇ ಮಂಡಿಯಲ್ಲಿ ಮುಂಗಡ ತಗೊಂಡು ಕಳಿಸಿದರು. ದಂಡವನ್ನೂ ಸೇರಿಸಿ ಕಟ್ಟಿದ. ಮುಂದೆ ಐದು ತಿಂಗಳದ್ದೂ ಒಟ್ಟಿಗೆ ಬಂತು, ಅದು ನಿಜ. ಆದರೆ ಮಂಡಿಯವರ ಬಡ್ಡಿ ಸ್ಟೈಪೆಂಡಿನ ಜೊತೆ ಬರಲಿಲ್ಲ.

ಒಂದೇ ಕಟ್ಟಡ, ಒಂದೇ ಮಹಡಿ. ಎಡಗಡೆಯ ಕೋಣೆ ನಮಗೆ ಕೊಡಬೇಕಾದ್ದನ್ನು ತಡ ಮಾಡುತ್ತೆ, ಬಲಗಡೆಯ ಕೋಣೆ ನಾವು ಕೊಡಬೇಕಾದ್ದು ತಡವಾಯ್ತು ಅಂತ ದಂಡ ಹಾಕುತ್ತೆ. ಎಂಜಿನಿಯರಿಂಗ್ ಓದಿದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ: ಫೀಡ್‌ಬ್ಯಾಕ್ ಇಲ್ಲದ ಸಿಸ್ಟಮ್. ತಡಕ್ಕೆ ಬೆಲೆ ತೆರಬೇಕಾದ್ದು ಒಂದೇ ಕಡೆ ಆದರೆ ಇನ್ನೊಂದು ಕಡೆಯವರು ಯಾಕಾದರೂ ಬೇಗ ಮಾಡಬೇಕು?

ಪಿಎಚ್.ಡಿ. ನಿಯಮಗಳನ್ನೇ ನೋಡಿ. ಯುಜಿಸಿಯ 2022ರ ನಿಯಮಾವಳಿ ಪ್ರಕಾರ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮಹಿಳೆಯರಿಗೆ, ಶೇಕಡಾ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೆರಡು ವರ್ಷ ರಿಯಾಯಿತಿ. ಹೆರಿಗೆ, ಶಿಶುಪಾಲನೆಗೆ 240 ದಿನಗಳವರೆಗೆ ರಜೆ. ಇವೆಲ್ಲ ಒಳ್ಳೆಯದೇ, ಹಿಂದಿಗಿಂತ ಸ್ಪಷ್ಟವಾಗಿಯೂ ಇದೆ. ಆದರೆ ಇಷ್ಟೂ ಗಡುವು ವಿದ್ಯಾರ್ಥಿಗೆ. ವಿಶ್ವವಿದ್ಯಾಲಯಕ್ಕೆ ಅಂತ ಅದರಲ್ಲಿ ಎದ್ದು ಕಾಣೋ ಗಡುವು ಒಂದೇ: ಪ್ರಬಂಧ ಸಲ್ಲಿಸಿದ ದಿನದಿಂದ ಆರು ತಿಂಗಳೊಳಗೆ ಮೌಖಿಕ ಪರೀಕ್ಷೆಯ ಫಲಿತಾಂಶದವರೆಗೆ ಎಲ್ಲ ಮುಗಿಯುವಂತೆ ವ್ಯವಸ್ಥೆ ಮಾಡಿಕೊಳ್ಳಬೇಕು ಅಂತ. ಆ ಆರು ತಿಂಗಳು ಮೀರಿದರೆ ಏನಾಗುತ್ತೆ? ಏನೂ ಆಗಲ್ಲ. ವಿದ್ಯಾರ್ಥಿ ಆರು ವರ್ಷ ಮೀರಿದರೆ ಏನಾಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು.

ನಮ್ಮ ಸೀನಿಯರ್ ಒಬ್ಬರು ಪ್ರಬಂಧ ಸಲ್ಲಿಸಿ ಹನ್ನೊಂದು ತಿಂಗಳು ಕಾದರು. ಸಲ್ಲಿಸಿದ ಮೇಲೆ ಫೆಲೋಶಿಪ್ ಇಲ್ಲ, ಹಾಸ್ಟೆಲ್ ಖಾಲಿ ಮಾಡಿಸಿದರು, ಡಿಗ್ರಿ ಕೈಯಲ್ಲಿಲ್ಲ ಅಂತ ಕೆಲಸದ ಸಂದರ್ಶನದಲ್ಲಿ "ಬಂದ ಮೇಲೆ ಬನ್ನಿ" ಅಂದರು. ವಿಚಾರಿಸಿದಾಗ ಗೊತ್ತಾದದ್ದು, ಪರೀಕ್ಷಕರಿಗೆ ಹೋಗಬೇಕಾದ ಪತ್ರ ಮೊದಲ ನಾಲ್ಕು ತಿಂಗಳು ಹೊರಗೇ ಹೋಗಿರಲಿಲ್ಲ. ಕಡತದಲ್ಲಿ ಟಿಪ್ಪಣಿ ಮಂಡಿಸಿದ್ದರು, ಸಹಿ ಆಗಿರಲಿಲ್ಲ.

ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ ಬಡ್ತಿಯ ವಿಷಯವೂ ಹೀಗೇ. 2023ರ ಜನವರಿಯಿಂದ ಜೆಆರ್‌ಎಫ್‌ಗೆ 37,000, ಎಸ್‌ಆರ್‌ಎಫ್‌ಗೆ 42,000. ಎರಡು ವರ್ಷ ಆದಮೇಲೆ ಹೊರಗಿನ ತಜ್ಞರೂ ಇರುವ ಸಮಿತಿ ಕೆಲಸ ನೋಡಿ ಬಡ್ತಿ ಶಿಫಾರಸು ಮಾಡಬೇಕು. ಸಮಿತಿ ಸೇರಿಸೋದು ವಿದ್ಯಾರ್ಥಿಯ ಕೈಲಿಲ್ಲ. ಸೇರೋವರೆಗೆ ತಿಂಗಳಿಗೆ 5,000 ಕಡಿಮೆಯಲ್ಲೇ ಬದುಕೋದು ಮಾತ್ರ ವಿದ್ಯಾರ್ಥಿ. ಮನೆ ಬಾಡಿಗೆ ಭತ್ಯೆಯದಂತೂ ತಮಾಷೆ: ಹಾಸ್ಟೆಲ್ ಸಿಕ್ಕಿಲ್ಲ ಅಂತ ವಾರ್ಡನ್ ಬರೆದುಕೊಡಬೇಕು, ನೀನು ನಮ್ಮ ಸಂಶೋಧನಾ ವಿದ್ಯಾರ್ಥಿ ಹೌದು ಅಂತ ಕಚೇರಿ ಬರೆದುಕೊಟ್ಟರೆ ಮಾತ್ರ ವಾರ್ಡನ್ ಬರೆದುಕೊಡ್ತಾರೆ, ವಾರ್ಡನ್ ಪತ್ರ ತಂದರೆ ಮಾತ್ರ ಕಚೇರಿ ಬರೆದುಕೊಡುತ್ತೆ. ನಮ್ಮಲ್ಲೊಬ್ಬಳು ಎರಡೂ ಕಡೆಯವರನ್ನು ಫೋನಿನಲ್ಲಿ ಮಾತಾಡಿಸಿ ಬಗೆಹರಿಸಿದಳು. ಅವಳ ಸಂಶೋಧನೆ ನೆಟ್‌ವರ್ಕ್ ಪ್ರೋಟೊಕಾಲ್‌ಗಳ ಮೇಲೆ. ಡೆಡ್‌ಲಾಕ್ ಬಿಡಿಸಿದ್ದಕ್ಕೆ ಒಂದು ಪೇಪರ್ ಬರೀಬಹುದಿತ್ತು.

ಹಾಜರಾತಿಯ ಮಾತು ಬಂದಿದ್ದಕ್ಕೆ ಇನ್ನೊಂದು. ನಮ್ಮ ಸಿವಿಲ್ ವಿಭಾಗದ ಗೆಳತಿ ಪ್ರಾಜೆಕ್ಟಿಗಾಗಿ ಕೆರೆಯ ನೀರಿನ ಸ್ಯಾಂಪಲ್ ತರೋಕೆ ಬೆಳಗ್ಗೆ ಐದಕ್ಕೆ ಹೋಗ್ತಿದ್ದಳು. ಬೆರಳಚ್ಚು ಯಂತ್ರ ಇರೋದು ವಿಭಾಗದ ಬಾಗಿಲಲ್ಲಿ, ಕೆರೆ ಏರಿ ಮೇಲಲ್ಲ. ಆ ತಿಂಗಳು ಆರು ದಿನ ಗೈರುಹಾಜರಿ. ಗೈಡ್ ಪತ್ರ ಕೊಟ್ಟರು, ಆದರೂ ಆಕೆಯ ಹೆಸರು ಮುಂದಿನ ತಿಂಗಳ ಪಟ್ಟಿಗೆ ಹೋಯ್ತು.

ಕಚೇರಿಯವರ ಮೇಲೆ ಕೋಪ ಇಲ್ಲವೇ ಅಂದರೆ, ಇದೆ, ಆದರೆ ಪೂರ್ತಿ ಅವರ ಮೇಲಲ್ಲ. ನಮ್ಮ ಫೈಲ್ ನೋಡುವ ಕೇಸ್ ವರ್ಕರ್ ಮೂರು ಜನರ ಕೆಲಸ ಒಬ್ಬರೇ ಮಾಡ್ತಾರೆ. ಅವರೂ ಗುತ್ತಿಗೆಯವರು. ಒಮ್ಮೆ ನಾವು ಜೋರು ಮಾಡಿದಾಗ, "ನನಗೂ ಎರಡು ತಿಂಗಳಿಂದ ಸಂಬಳ ಆಗಿಲ್ಲಪ್ಪ" ಅಂದರು. ಅವತ್ತು ಎಲ್ಲರೂ ಸೇರಿ ಕ್ಯಾಂಟೀನಿನಲ್ಲಿ ಟೀ ಕುಡಿದೆವು, ಬಿಲ್ಲು ಯಾರು ಕೊಟ್ಟರು ಅಂತ ನೆನಪಿಲ್ಲ. ಹಾಗಂತ ನಿಯಮ ಸರಿಯಾಗಿದೆ ಅಂತ ಆಗಲ್ಲ. ಖಾಲಿ ಹುದ್ದೆಯ ಭಾರ ಅವರ ಮೇಲೂ ನಮ್ಮ ಮೇಲೂ ಬೀಳ್ತಿದೆ, ಹುದ್ದೆ ತುಂಬಬೇಕಾದವರ ಮೇಲೆ ಬೀಳ್ತಿಲ್ಲ.

ನಾವು ಕೇಳ್ತಿರೋದು ಹೊಸದೇನಲ್ಲ. ಸಿಇಟಿ ಹೊತ್ತಿಗೆ ಜಾತಿ, ಆದಾಯ ಪ್ರಮಾಣಪತ್ರಕ್ಕೆ ನೀವೆಲ್ಲ ನಾಡಕಚೇರಿಗೆ ಹೋಗಿದ್ದೀರಲ್ಲ? ಅರ್ಜಿ ಕೊಟ್ಟ ತಕ್ಷಣ ಒಂದು ಚೀಟಿ ಕೊಟ್ಟಿರ್ತಾರೆ, ಅದರಲ್ಲಿ ಒಂದು ಉದ್ದದ ನಂಬರ್. ಅದು ಸಕಾಲ. ಕಾಯ್ದೆ 2011ರದು, ರಾಜ್ಯಕ್ಕೆಲ್ಲ ಜಾರಿಗೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ನಿಗದಿತ ದಿನದೊಳಗೆ ಕೆಲಸ ಆಗದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ, ಅದೂ ತಡ ಮಾಡಿದ ನೌಕರರ ಕಡೆಯಿಂದ ವಸೂಲಿ. ಆ ಇಪ್ಪತ್ತು ರೂಪಾಯಿ ಎಷ್ಟು ಜನ ಪಡೆದಿದ್ದಾರೋ, ಅದು ಬೇರೆ ಮಾತು. ಆದರೆ ಚೀಟಿಯ ಮೇಲೆ ಒಂದು ತಾರೀಖು ಇರುತ್ತೆ. ಹೋಬಳಿಯಲ್ಲಿ ಪಹಣಿಗೆ ನಿಂತ ನಮ್ಮ ಅಜ್ಜನಿಗೆ ಸಿಗೋ ಆ ತಾರೀಖು, ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡೋ ಮೊಮ್ಮಗಳಿಗೆ ಇಲ್ಲ. ಅವಳ ಅರ್ಜಿಗೆ ಸಿಗೋದು ಟಪಾಲು ವಿಭಾಗದ ಒಂದು ಸೀಲು, ಅದೂ ಎರಡನೇ ಪ್ರತಿ ತಗೊಂಡು ಹೋಗಿದ್ದರೆ.

ಆದ್ದರಿಂದ ಪ್ರತಿ ಅರ್ಜಿಗೂ ನಂಬರ್ ಮತ್ತು ಯಾವತ್ತಿನೊಳಗೆ ಆಗುತ್ತೆ ಅನ್ನೋ ತಾರೀಖು ಕೊಡಿ ಅಂತ ಕೇಳಿದ್ದೇವೆ. ಸ್ಟೈಪೆಂಡ್ ಕಚೇರಿಯ ಕಡೆಯಿಂದ ಬಾಕಿ ಇರುವಷ್ಟು ದಿನ ಆ ವಿದ್ಯಾರ್ಥಿಗೆ ಫೀಸಿನ ದಂಡ ಬೇಡ. ಗೈಡ್ ಬರೆದುಕೊಟ್ಟ ಕ್ಷೇತ್ರಕಾರ್ಯ ಹಾಜರಿಯೇ. ಪೋರ್ಟಲ್ಲಿನ ಮೇಕರ್ ರಜೆ ಹಾಕಿದರೆ ಬದಲಿ ಯಾರು ಅಂತ ಮೊದಲೇ ಗೊತ್ತಿರಲಿ. ಇದಕ್ಕೆ ದೆಹಲಿಯ ಆದೇಶ ಬೇಡ, ದುಡ್ಡೂ ಬೇಡ. ಸ್ಟೈಪೆಂಡ್ ಹೆಚ್ಚಿಸಿ ಅನ್ನೋದು ಬೇರೆ ಹೋರಾಟ. 2019ರಲ್ಲಿ ದೇಶದ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ ಜೆಆರ್‌ಎಫ್ 25,000ದಿಂದ 31,000ಕ್ಕೆ ಹೋಯಿತು. ನಾವಿಲ್ಲಿ ಕೇಳ್ತಿರೋದು ಈಗಾಗಲೇ ಮಂಜೂರಾದ ದುಡ್ಡನ್ನು ಆಯಾ ತಿಂಗಳು ಕೊಡಿ ಅಂತ ಅಷ್ಟೇ.

ನಲವತ್ಮೂರು ಜನರ ಸಹಿಯೊಂದಿಗೆ ಈ ಮನವಿಯನ್ನು ಕಚೇರಿಗೆ ಕೊಟ್ಟು ಇವತ್ತಿಗೆ ಹತ್ತೊಂಬತ್ತು ದಿನ. ಎರಡನೇ ಪ್ರತಿ ಮರೆಯದೆ ತಗೊಂಡು ಹೋಗಿದ್ದೆವು, ಸೀಲು ಬಿದ್ದಿದೆ. ಪ್ರತಿ ಕನ್ನಡ ಸಂಘದ ಕೋಣೆಯಲ್ಲಿದೆ, ಬಿ.ಇ.ಯವರೂ ಬಂದು ಸಹಿ ಹಾಕಬಹುದು. ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ಹಾಕ್ತೇವೆ. ಬರದಿದ್ದರೆ ಎಷ್ಟನೇ ದಿನ ಅಂತ ಹಾಕ್ತೇವೆ.